ಸೊಸೆ ತೊಳೆದ ಮಹಡಿ

"ಗುರುಗಳೇ, ತಪ್ಪು ಮಾಡಿದವನನ್ನು ಬೇಗ ತಿದ್ದುವುದು ಹೇಗೆ?" ಎಂದು ಚನ್ನವೀರ ಕೇಳಿದ.

ಮಠದ ಅಡುಗೆಮನೆ ಅವನ ಉಸ್ತುವಾರಿಯಲ್ಲಿತ್ತು. ಹೊಸದಾಗಿ ಬಂದ ಶಿಷ್ಯನೊಬ್ಬ, ಸೇವೆಯೆಂದುಕೊಂಡು, ಮರುದಿನದ ಪಂಕ್ತಿಗೆ ನೆನೆಹಾಕಿದ್ದ ಕಡಲೆಯನ್ನೆಲ್ಲ ಹಸುಗಳಿಗೆ ತಿನ್ನಿಸಿಬಿಟ್ಟಿದ್ದ. ಚನ್ನವೀರ ಎಲ್ಲರೆದುರು ಅವನನ್ನು ಬೈದಿದ್ದ. ಆಮೇಲೆ ಆ ಹೊಸಬ ಊಟಕ್ಕೇ ಬಂದಿರಲಿಲ್ಲ. ಬಟ್ಟೆಯ ಗಂಟು ಕಟ್ಟಿಕೊಂಡು ಕೊಟ್ಟಿಗೆಯ ಬಳಿ ಕೂತಿದ್ದ.

"ಬೇಗ ಎಂದೆಯಲ್ಲ, ಅದಕ್ಕೊಂದು ಕತೆಯಿದೆ. ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಮರದ ವ್ಯಾಪಾರಿ ಇದ್ದ. ತನ್ನ ಮನೆಯ ಮಹಡಿಗೆ ತಾನೇ ಹಲಗೆ ಆರಿಸಿ, ತಾನೇ ಉಜ್ಜುಗೊರಡು ಹಿಡಿದು ನೆಲ ಹಾಸಿದ್ದ. ಅವನು ತೀರಿಕೊಂಡ ಮೇಲೆ ಅವನ ಹೆಂಡತಿಗೆ ಆ ನೆಲವೇ ಗಂಡನಾಗಿ ಉಳಿಯಿತು. ದಿನವೂ ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಒರೆಸುವಳು. ಕಿಟಕಿಯ ಪಕ್ಕದ ಹಲಗೆಯ ಮೇಲೆ ಅವನು ಕೂರುತ್ತಿದ್ದ. ಅದನ್ನು ಒರೆಸುವಾಗ ಮಾತ್ರ ಅವಳ ಕೈ ನಿಧಾನವಾಗುತ್ತಿತ್ತು.

ಮಗನಿಗೆ ಕಲ್ಲುಸೀಮೆಯಿಂದ ಹೆಣ್ಣು ತಂದಳು. ಯುಗಾದಿಗೆ ನೆಂಟರೆಲ್ಲ ಹೊಸ ಸೊಸೆಯನ್ನು ನೋಡಲು ಬರುವವರಿದ್ದರು. ಹಬ್ಬಕ್ಕೆ ವಾರವಿರುವಾಗ ಅತ್ತೆ ನೆರೆಮನೆಗೆ ಹೋದಳು. ಬರುವಷ್ಟರಲ್ಲಿ ಸೊಸೆ ಸೆರಗು ಬಿಗಿದು, ಬಾವಿಯಿಂದ ಕೊಡದ ಮೇಲೆ ಕೊಡ ಹೊತ್ತು ತಂದು ಮಹಡಿಯ ತುಂಬ ಸುರಿದು, ತೆಂಗಿನ ನಾರಿನಿಂದ ಗಸಗಸ ತಿಕ್ಕಿ ತೊಳೆದಿದ್ದಳು. ನೀರು ಹಲಗೆಗಳ ಸಂದಿಯಿಂದ ಕೆಳಗಿನ ಕೋಣೆಗೆ ತೊಟ್ಟಿಕ್ಕುತ್ತಿತ್ತು. ಹುಡುಗಿಯ ಮುಖದಲ್ಲಿ ಹಬ್ಬವೇ ಬಂದಿತ್ತು.

"ಮಹಡಿ ತೊಳದೀನ್ರೀ ಅತ್ತಿ" ಎಂದಳು.

"ನಿಮ್ಮ ಕಡೆಯವರು ಮರವನ್ನೇ ಕಂಡಿಲ್ಲವೇ? ನನ್ನ ಮನೆ ಹಾಳು ಮಾಡೋಕೆ ಬಂದೆಯಾ?" ಎಂದಳು ಅತ್ತೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಅವಳಿಗೂ ಗೊತ್ತಿತ್ತು. ಆದರೆ ಗೊತ್ತಿದ್ದದ್ದು ಸಿಟ್ಟಿನ ಹೊತ್ತಿಗೆ ಕೈಗೆ ಸಿಗುವುದಿಲ್ಲ. ಅಂದಿನಿಂದ ಸೊಸೆ ಹೇಳಿದಷ್ಟು ಕೆಲಸ ಮಾಡಿದಳು, ಬಾಯಿ ಮಾತ್ರ ಬಿಡಲಿಲ್ಲ.

ಹಲಗೆಗಳು ನೀರು ಕುಡಿದು ಉಬ್ಬಿದವು. ಅಂಚುಗಳು ಮೇಲೆದ್ದು ಕಾಲಿಗೆ ತಗುಲಿದವು. ನೆಂಟರ ಮುಂದೆ ಮಾನ ಹೋಗುತ್ತದಲ್ಲ! ಅತ್ತೆ ಅಗ್ಗಿಷ್ಟಿಕೆಯ ತುಂಬ ಕೆಂಡ ತುಂಬಿಸಿದಳು. ಗಂಡ ಕೂರುತ್ತಿದ್ದ ಹಲಗೆ ಮೊದಲು ಒಣಗಲಿ ಎಂದು ಅದರ ಮೇಲೇ ತಂದಿಟ್ಟಳು. ಮೇಲ್ಮೈ ಒಣಗಿತು, ಅಡಿಭಾಗ ಹಸಿಯಾಗಿಯೇ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ಟಪ್ಪೆಂದು ಸದ್ದಾಯಿತು. ಹಲಗೆ ಈ ತುದಿಯಿಂದ ಆ ತುದಿಗೆ ಸೀಳಿತ್ತು.

ಅವಳು ಅಲ್ಲೇ ಕುಸಿದು ಕೂತು ಅತ್ತಳು. ಸೊಸೆ ಓಡಿ ಬಂದು ಕೆಂಡವನ್ನು ಆಚೆ ಸಾಗಿಸಿದಳು. ಆಮೇಲೆ ಅತ್ತೆಯ ಪಕ್ಕದಲ್ಲಿ ಕೂತು, ಸೀಳಿದ ಹಲಗೆಯ ಮೇಲೆ ಅಂಗೈಯಿಟ್ಟು ತಾನೂ ಅತ್ತಳು. ಮಹಡಿಗೆ ನೀರು ಸುರಿದು ತೊಳೆದದ್ದೂ ಅದೇ ಕೈ. ಆದರೂ ಅತ್ತೆಗೆ ಅದನ್ನು ತಳ್ಳಬೇಕೆನಿಸಲಿಲ್ಲ.

ಹಸಿ ಮರವನ್ನು ಗಂಡ ಹೇಗೆ ಒಣಗಿಸುತ್ತಿದ್ದ ಎಂಬುದು ಆಗ ಅವಳಿಗೆ ನೆನಪಾಯಿತು. ಇಬ್ಬರೂ ಸೇರಿ ಮೊಳೆ ಕಿತ್ತರು. ಹಲಗೆಗಳನ್ನು ಕೆಳಗಿನ ಜಗಲಿಯ ನೆರಳಿಗೆ ಹೊತ್ತು ತಂದರು. ಎರಡೂ ಬದಿಗೆ ಗಾಳಿಯಾಡುವಂತೆ ನಡುನಡುವೆ ತೆಳು ಪಟ್ಟಿ ಇಟ್ಟು ಒಂದರ ಮೇಲೊಂದು ಪೇರಿಸಿದರು. ಮತ್ತೆ ಡೊಂಕಾಗದಿರಲೆಂದು ಮೇಲೆ ಬೀಸುಕಲ್ಲು ಹೇರಿದರು.

ಹಬ್ಬ ಬಂತು. ಮಹಡಿಗೆ ನೆಲವೇ ಇರಲಿಲ್ಲ. ನೆಂಟರು ಹಿತ್ತಲಲ್ಲಿ ಎಲೆ ಹಾಕಿಕೊಂಡು ಉಂಡರು. "ಇದೇನು, ಹಬ್ಬದಲ್ಲಿ ಮನೆ ಬಿಚ್ಚಿ ಇಟ್ಟಿದ್ದೀರಿ?" ಎಂದವರಿಗೆ ಅತ್ತೆ, "ಒಣಗುತ್ತಿದೆ" ಎಂದಷ್ಟೇ ಹೇಳಿ ಇನ್ನೊಂದು ಹೋಳಿಗೆ ಬಡಿಸಿದಳು. ಯಾರ ತಪ್ಪೆಂದು ಹೇಳಲಿಲ್ಲ.

ಬೆಳಗ್ಗೆ ಬೆಳಗ್ಗೆ ಅತ್ತೆ ಸೊಸೆ ಇಬ್ಬರೂ ಹಲಗೆ ಮಗುಚಿ ಹಾಕುತ್ತಿದ್ದರು. ಒಂದು ದಿನ ಅತ್ತೆ, "ನಿಮ್ಮ ಮನೆಯ ನೆಲ ಹೇಗಿದೆಯಮ್ಮಾ?" ಎಂದು ಕೇಳಿದಳು.

"ಕಲ್ಲಿಂದರೀ. ಹಬ್ಬ ಬಂತಂದ್ರ ಅವ್ವ ಕೊಡ ಕೊಡ ನೀರು ಹಾಕ್ತಾಳ್ರಿ, ನಾವು ತಿಕ್ಕತೀವಿ. ನೀರಿನ್ಯಾಗ ಕನ್ನಡ್ಯಾಗಿನಂಗ ನಮ್ಮ ಮಾರಿ ಕಾಣಬೇಕು, ಹಂಗ" ಎಂದಳು ಸೊಸೆ. ಹೇಳುತ್ತ ಹೇಳುತ್ತ ನಕ್ಕಳು. ಎಷ್ಟೋ ದಿನದ ಮೇಲೆ ಬಂದ ನಗು.

ತವರಿನಲ್ಲಿ ದೇವರ ಹಬ್ಬಕ್ಕೆ ಮಾಡುವ ಮರ್ಯಾದೆಯನ್ನೇ ಹುಡುಗಿ ಈ ಮನೆಗೂ ಮಾಡಿದ್ದಳು ಎಂದು ಅತ್ತೆಗೆ ಆಗ ತಿಳಿಯಿತು. ಅವಳ ತಲೆ ನೇವರಿಸಿ, ಹಲಗೆಯ ಇನ್ನೊಂದು ತುದಿ ಹಿಡಿಯಲು ಹೇಳಿದಳು. ಮರ ತನಗೆ ಬೇಕಾದಷ್ಟು ದಿನ ತೆಗೆದುಕೊಂಡಿತು. ಆಮೇಲೆ ಇಬ್ಬರೂ ಸೇರಿ ನೆಲ ಹಾಸಿದರು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

"ಹಾಗಾದರೆ ನೆಲ ಸರಿಹೋಯಿತೇ?" ಎಂದ ಚನ್ನವೀರ.

"ನೀರು ಕುಡಿದ ಹಲಗೆಗಳೆಲ್ಲ ಸರಿಹೋದವು ಚನ್ನವೀರ, ಇವತ್ತಿಗೂ ಬಿರುಕು ಇರುವುದು ಕೆಂಡ ಇಟ್ಟ ಹಲಗೆಯಲ್ಲಿ ಮಾತ್ರ."

ಚನ್ನವೀರ ಎದ್ದು ಅಡುಗೆಮನೆಗೆ ಹೋಗಿ, ಎರಡು ತಟ್ಟೆಗೆ ಬಡಿಸಿಕೊಂಡು ಕೊಟ್ಟಿಗೆಯ ಕಡೆ ನಡೆದ.