ದಂಡಿನ ಕೋವಿ ಕೊಂಡವನು

"ನ್ಯಾಯ ನನ್ನ ಕಡೆಗೇ ಇರುವಾಗ ನಾನು ಸಿಟ್ಟು ಮಾಡಿದರೆ ತಪ್ಪೇನು, ಬುದ್ಧಿ?"

ಗುರುಗಳನ್ನು ಹೀಗೆ ಕೇಳಿದವನು ಶಿಷ್ಯ ಮುದ್ದುವೀರ. ಮಠದ ಉಗ್ರಾಣ ನೋಡಿಕೊಳ್ಳುವವನು ಅವನ ಮೇಲೆ ತುಪ್ಪ ಕದ್ದ ಅಪವಾದ ಹೊರಿಸಿದ್ದ. ಆಮೇಲೆ ತುಪ್ಪದ ಗಡಿಗೆ ಉಗ್ರಾಣದವನೇ ಇಟ್ಟು ಮರೆತ ಜಾಗದಲ್ಲಿ ಸಿಕ್ಕಿತು. ಊಟದ ಪಂಕ್ತಿಯಲ್ಲಿ ಎಲ್ಲರೆದುರು ಅವನು ತಪ್ಪಾಯಿತೆಂದು ಕೈಮುಗಿದದ್ದೂ ಆಯಿತು. ಆದರೂ ಮುದ್ದುವೀರನ ಸಿಟ್ಟು ಆರಿರಲಿಲ್ಲ. ಉಗ್ರಾಣದವನ ಮನೆಗೇ ಹೋಗಿ, ಅವನ ಹೆಂಡತಿ ಮಕ್ಕಳು ಕೇಳುವಂತೆ ಇನ್ನೊಂದು ಮಾತು ಆಡಿ ಬರಬೇಕೆಂದು ಹೊರಟಿದ್ದ. ಹೋಗುವ ಮುಂಚೆ ಗುರುಗಳ ಅಪ್ಪಣೆ ಕೇಳಲು ಬಂದಿದ್ದ.

ಗುರುಗಳೇನೂ ಸಿಟ್ಟು ಗೆದ್ದ ಮಹಾತ್ಮರಲ್ಲ. ಹಾಲು ಉಕ್ಕಿಸಿದ ಅಡುಗೆಯವನನ್ನು ಅಂದು ಬೆಳಿಗ್ಗೆಯಷ್ಟೇ ಮಠ ಹಾರಿಹೋಗುವಂತೆ ಗದರಿದ್ದರು. ಅವರು ಶಿಷ್ಯನಿಗೆ ಕೂರು ಎನ್ನಲಿಲ್ಲ. ನಿಂತವನನ್ನು ನಿಲ್ಲಿಸಿಕೊಂಡೇ ಕತೆ ಹೇಳಿದರು.

ಒಂದು ಬೆಟ್ಟದ ಸೀಮೆಯಲ್ಲಿ ಮನೆಗೊಂದು ಕೋವಿ ಇತ್ತು. ಬೇಟೆಗಿಂತ ಹೆಚ್ಚಾಗಿ ಅದು ಸುದ್ದಿ ಹೇಳುವುದಕ್ಕೆ ಬೇಕಾಗುತ್ತಿತ್ತು. ಈ ಬೆಟ್ಟದಿಂದ ಆ ಬೆಟ್ಟಕ್ಕೆ ಕೂಗಿದರೆ ಕೇಳದು, ಕೋವಿಯ ಈಡು ಕೇಳುತ್ತದೆ. ಗಂಡುಮಗು ಹುಟ್ಟಿದರೆ ಒಂದು ಈಡು, ಹೆಣ್ಣಾದರೆ ಈಡಿಲ್ಲ, ಅಂಗಳದಲ್ಲಿ ತಟ್ಟೆ ಬಡಿಯುವುದಷ್ಟೇ. ಸಾವಾದರೆ ಒಂದರ ಬೆನ್ನಿಗೊಂದು, ಎರಡು ಈಡು. ಒಂದು ಕೇಳಿದರೆ ಜನ ಬೆಲ್ಲ ಕಟ್ಟಿಕೊಂಡು ನಿಧಾನವಾಗಿ ಬರುತ್ತಿದ್ದರು. ಎರಡು ಕೇಳಿದರೆ ಹಿಡಿದ ಕೆಲಸವನ್ನು ಅಲ್ಲೇ ಬಿಟ್ಟು ಓಡಿ ಬರುತ್ತಿದ್ದರು. ಅವರ ಕೋವಿಗಳೆಲ್ಲ ಅಜ್ಜಂದಿರ ಕಾಲದವು. ಒಂದು ಈಡಾದರೆ ಮತ್ತೆ ನಳಿಗೆಗೆ ಮದ್ದು ಸುರಿದು, ಚಿಂದಿ ತುರುಕಿ, ಸಲಾಕೆಯಿಂದ ಜಡಿಯಬೇಕು. ಅದಕ್ಕೇ ಸಾವಿನ ಮನೆಯ ಅಂಗಳದಲ್ಲಿ ಇಬ್ಬರು ಎರಡು ಕೋವಿ ಹಿಡಿದು ನಿಲ್ಲುವುದು ವಾಡಿಕೆಯಾಗಿತ್ತು.

ಆ ಸೀಮೆಯಲ್ಲಿ ಒಬ್ಬ ರೈತನಿದ್ದ. ಅಣ್ಣನಿಂದ ಪಾಲಾಗಿ, ಗದ್ದೆಯ ಈಚೆಯ ದಿಣ್ಣೆಯ ಮೇಲೆ ಬೇರೆ ಮನೆ ಕಟ್ಟಿಕೊಂಡಿದ್ದ. ಪಾಲಿನಲ್ಲಿ ಅವನಿಗೆ ಗದ್ದೆ ಬಂತು, ದನ ಬಂತು. ಕೋವಿ ಮಾತ್ರ ಹಿರಿಯನಿಗೇ ಸಲ್ಲತಕ್ಕದ್ದು. ಅದು ಅಣ್ಣನ ಗೋಡೆಯ ಮೇಲೇ ಉಳಿಯಿತು. ಬಹಳ ವರ್ಷ ಮಕ್ಕಳಿಲ್ಲದಿದ್ದ ರೈತನ ಹೆಂಡತಿ ಕೊನೆಗೆ ಒಂದು ಹೆಣ್ಣುಮಗು ಹೆತ್ತಳು. ಸೀರೆ ಬೇಡ, ಒಡವೆ ಬೇಡ, ನನ್ನ ಮಗಳಿಗೂ ಒಂದು ಈಡು ಆಗಲಿ, ನಾನೂ ಹೆತ್ತೆನೆಂದು ಸೀಮೆಗೆ ಕೇಳಲಿ, ಎಂದು ಗಂಡನನ್ನು ಕೇಳಿದಳು.

ರೈತ ಅಣ್ಣನ ಮನೆಗೆ ಹೋದ. ಅಣ್ಣ ಜಗಲಿಯ ಮೇಲೆ ನಾಲ್ಕು ಜನರ ನಡುವೆ ಎಲೆ ಅಡಿಕೆ ಜಗಿಯುತ್ತಾ ಕೂತಿದ್ದ. ತಮ್ಮನ ಮಾತು ಕೇಳಿ ನಕ್ಕ.

"ಹೆಣ್ಣಿಗೇ ಈಡು ಹೊಡೆದ್ರೆ ಗಂಡಿಗೆ ಏನು ಹೊಡೀಬೇಕೋ? ಹೋಗು, ತಟ್ಟೆ ಬಡಿ," ಎಂದ.

ಕೂತವರೆಲ್ಲ ನಕ್ಕರು. ಅದು ಅನ್ಯಾಯ. ಅದರಲ್ಲಿ ಎರಡು ಮಾತಿಲ್ಲ. ಕಣ್ಣು ಬಿಡುವ ಮುಂಚೆಯೇ ಒಂದು ಕೂಸನ್ನು ಜಗಲಿಯ ನಗೆಪಾಟಲು ಮಾಡುವವನ ಬಾಯಿಗೆ ಮಣ್ಣು ಹಾಕಬೇಕು. ರೈತ ನೆಂಟರ ಮನೆಗಳಿಗೂ ಹೋದ. ಮನೆತನದ ಹಿರಿಯ ಒಲ್ಲೆನೆಂದ ಮೇಲೆ ಯಾರೂ ಕೋವಿ ಕೆಳಗಿಳಿಸಲಿಲ್ಲ. ಒಬ್ಬ ಕೆಮ್ಮಿದ, ಒಬ್ಬ ಮದ್ದು ತೀರಿದೆ ಎಂದ. ರೈತ ಹಲ್ಲು ಕಚ್ಚಿದ. ಜೋಡಿ ಹೋರಿಗಳನ್ನು ಮಾರಿ ಪಟ್ಟಣದ ದಾರಿ ಹಿಡಿದ.

ಪಟ್ಟಣದಲ್ಲಿ ಒಬ್ಬ ವ್ಯಾಪಾರಿ, ದಂಡಿನವರು ಬೇಡವೆಂದು ಮಾರಿದ ಹಳೆಯ ರೈಫಲುಗಳನ್ನು ಇಟ್ಟುಕೊಂಡಿದ್ದ. ಎಂದೋ ಮುಗಿದ ಯುದ್ಧಕ್ಕೆಂದು ಮಾಡಿದವು ಅವು. ತುಕ್ಕು ಹಿಡಿಯಬಾರದೆಂದು ಮೈತುಂಬ ಗ್ರೀಸ್ ಬಳಿದು ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಮೊದಲ ಸಲ ಕೋವಿ ಕೊಳ್ಳುವವನು ಏನೇನು ನೋಡಬೇಕೆಂಬುದನ್ನು ವ್ಯಾಪಾರಿ ತಾನಾಗಿಯೇ ಹೇಳಿದ. ನಳಿಗೆಯೊಳಗೆ ಬೆಳಕು ಬಿಟ್ಟು ಸವೆದಿದೆಯೇ ನೋಡು, ಮರದ ಹಿಡಿ ಸೀಳಿದೆಯೇ ನೋಡು, ಗುಂಡು ಕೂರಿಸುವ ಚಿಲಕದ ಮೇಲಿನ ನಂಬರೂ ನಳಿಗೆಯ ಮೇಲಿನ ನಂಬರೂ ಒಂದೇ ಇದೆಯೇ ನೋಡು, ಎಂದ. ರೈತ ಯಾವುದನ್ನೂ ನೋಡಲಿಲ್ಲ. ಇದರ ಸದ್ದು ಎಷ್ಟು ದೂರ ಕೇಳುತ್ತದೆ ಎಂದಷ್ಟೇ ಕೇಳಿದ.

ವ್ಯಾಪಾರಿಗೆ ಸೋಜಿಗವಾಯಿತು. ಕೊಳ್ಳಲು ಬಂದವರೆಲ್ಲ ಗುಂಡು ಎಷ್ಟು ದೂರ ಹೋಗುತ್ತದೆ ಎಂದು ಕೇಳುತ್ತಿದ್ದರು. ಸದ್ದಿನ ವಿಷಯ ಕೇಳಿದವನು ಇವನೊಬ್ಬನೇ. ಕೆದಕಿ ಕೆದಕಿ ವಿಷಯ ತಿಳಿದುಕೊಂಡ. ಆಮೇಲೆ ಚಿಲಕವನ್ನು ಹಿಂದಕ್ಕೆಳೆದು ಮುಂದಕ್ಕೆ ದಬ್ಬಿ ತೋರಿಸಿದ.

"ಗೌಡರೇ, ಇದು ನಿಮ್ಮೂರ ಕೋವಿ ಥರ ಅಲ್ಲ. ಒಂದು ಹೊಡೆದು ಹೀಗೆ ಎಳೆದು ದಬ್ಬಿದ್ರೆ ಇನ್ನೊಂದು ತಾನೇ ಬಂದು ಕೂರ್ತದೆ. ನಿಮಗೆ ಬೇಕಾಗಿರೋದು ಒಂದು. ಒಂದೇ ಗುಂಡು ತುಂಬಿ."

"ತುಂಬೋದು ನನಗೆ ಬಿಡಿ," ಎಂದ ರೈತ.

ಗ್ರೀಸ್ ಸುಲಭವಾಗಿ ಬಿಡಲಿಲ್ಲ. ದಿನವೂ ಗದ್ದೆಯಿಂದ ಬಂದವನು ಕುದಿಯುವ ನೀರು ಹೊಯ್ದು, ಚಿಂದಿಯಿಂದ ತಿಕ್ಕುತ್ತಾ ಕೂರುತ್ತಿದ್ದ. ಒರೆಸಿದಷ್ಟೂ ಮರದ ಸಂದಿಯಿಂದ ಮತ್ತೆ ಒಸರುತ್ತಿತ್ತು. ಮೊದಮೊದಲು ಮಗಳ ಹೆಸರು ಹೇಳಿಕೊಂಡು ತಿಕ್ಕಿದ. ಆಮೇಲೆ ಅಣ್ಣನ ಹೆಸರು ಹೇಳಿಕೊಂಡು ತಿಕ್ಕಿದ. ಅಣ್ಣನ ನಗು ನೆನಪಾಯಿತು, ಜಗಲಿಯವರ ನಗು ನೆನಪಾಯಿತು, ಪಾಲಿನಲ್ಲಿ ತನ್ನ ಕೊಟ್ಟಿಗೆಗೆ ಬಂದ ಕುಂಟ ಎತ್ತು, ಚಿಕ್ಕಂದಿನಲ್ಲಿ ತಿಂದ ಬೆತ್ತದ ಪೆಟ್ಟು, ಎಲ್ಲವೂ ಒಸರಿ ಬಂದವು. ಸಿಟ್ಟನ್ನೂ ಗ್ರೀಸ್ ಬಳಿದು ಇಟ್ಟುಕೊಂಡರೆ ಹಾಗೆಯೇ, ಎಷ್ಟು ವರ್ಷವಾದರೂ ತುಕ್ಕು ಹಿಡಿಯುವುದಿಲ್ಲ. ಕೋವಿ ಹೊಳೆಯುವ ಹೊತ್ತಿಗೆ ಮಗಳು ತೊಟ್ಟಿಲಲ್ಲಿ ನಗುವುದನ್ನು ಕಲಿತಿದ್ದಳು. ಹೆಂಡತಿ ಕರೆದು ತೋರಿಸಿದರೆ ರೈತ ಹೂಂ ಎಂದ, ತಲೆ ಎತ್ತಲಿಲ್ಲ.

ಒಂದು ಬೆಳಿಗ್ಗೆ ಅವನು ಅಂಗಳಕ್ಕಿಳಿದ. ಸದ್ದಿಗೆ ಕೂಸು ಬೆದರೀತೆಂದು ಹೆಂಡತಿ ಅದನ್ನು ಒಳಗೆ ತೊಟ್ಟಿಲಲ್ಲಿ ಮಲಗಿಸಿ, ಅದರ ಕಿವಿಗೆ ಕೈ ಮರೆಮಾಡಿ ಕೂತಳು. ರೈತ ಕೋವಿಗೆ ಹಿಡಿಸುವಷ್ಟು ಗುಂಡು ತುಂಬಿದ. ಒಂದನ್ನು ಆಕಾಶಕ್ಕೆ ಹೊಡೆದ. ಸದ್ದು ಎದುರು ಬೆಟ್ಟಕ್ಕೆ ಹೋಗಿ ತಾಗಿ ತಿರುಗಿ ಬಂತು. ಒಳಗೆ ಬಾಣಂತಿ ಸಂತೋಷಕ್ಕೆ ಅತ್ತಳು. ಅಲ್ಲಿಗೆ ಕೋವಿ ಕೊಂಡ ಕೆಲಸ ಮುಗಿಯಿತು. ಒಳಗಿಟ್ಟು ಕೈತೊಳೆದುಕೊಂಡಿದ್ದರೆ ಸಂಜೆಯ ಹೊತ್ತಿಗೆ ಮನೆ ತುಂಬ ಬೆಲ್ಲವಿರುತ್ತಿತ್ತು.

ಕೆಳಗೆ ಗದ್ದೆಯಲ್ಲಿ ಅಣ್ಣ ಬದು ಕಟ್ಟುತ್ತಿದ್ದ. ಈಡು ಕೇಳಿ ತಲೆ ಎತ್ತಿ ದಿಣ್ಣೆಯ ಕಡೆ ನೋಡಿದ. ಮತ್ತೆ ತಲೆ ಬಗ್ಗಿಸಿ ಗುದ್ದಲಿ ಎತ್ತಿದ. ಬಗ್ಗಿಸಿದ್ದು ನಾಚಿಕೆಗೋ ಉಡಾಫೆಗೋ, ಅವನಿಗೇ ಗೊತ್ತು. ರೈತನಿಗೆ ಕಂಡದ್ದು ಉಡಾಫೆ. ಆ ಮುಖ ಸಣ್ಣದಾಗುವುದನ್ನು ನೋಡಬೇಕೆಂದೇ ಇಷ್ಟು ದಿನ ತಿಕ್ಕಿದ್ದು, ಮುಖವೇ ಕೆಸರಿನ ಕಡೆ ತಿರುಗಿಬಿಟ್ಟಿತಲ್ಲ ಎಂದು ಅವನ ಮೈಯೆಲ್ಲ ಉರಿಯಿತು. ಅಜ್ಜನ ಕೋವಿಯಾಗಿದ್ದರೆ ಮದ್ದು ಸುರಿಯಬೇಕಿತ್ತು, ಚಿಂದಿ ತುರುಕಬೇಕಿತ್ತು, ಜಡಿಯಬೇಕಿತ್ತು. ಅಷ್ಟರಲ್ಲಿ ಕೂಸು ಒಮ್ಮೆ ಅತ್ತಿದ್ದರೂ ಅವನ ಮನಸ್ಸು ತಿರುಗುತ್ತಿತ್ತು. ದಂಡಿನ ಕೋವಿ ಅಷ್ಟು ಪುರುಸೊತ್ತು ಕೊಡುವುದಿಲ್ಲ. ಚಿಲಕ ಎಳೆದ, ದಬ್ಬಿದ, ಅಣ್ಣನ ತಲೆಯ ಮೇಲಿಂದ ಹಾಯುವಂತೆ ಇನ್ನೊಂದು ಈಡು ಹೊಡೆದ.

ಅಣ್ಣ ಗುದ್ದಲಿ ಬಿಸಾಡಿ ದಿಣ್ಣೆಯತ್ತ ಓಡಿ ಬಂದ. ಹೊಡೆದಾಡಲು ಬರುತ್ತಿದ್ದಾನೆ, ಬರಲಿ ಎಂದುಕೊಂಡ ರೈತ ಮತ್ತೆ ಚಿಲಕ ಎಳೆದು, ಕೋವಿಯನ್ನು ಅವನ ಎದೆಗೆ ಹಿಡಿದು ನಿಂತ. ಮೊಣಕಾಲವರೆಗೆ ಕೆಸರಾಗಿದ್ದ ಅಣ್ಣ ಏದುಸಿರು ಬಿಡುತ್ತಾ ಅಂಗಳ ಹತ್ತಿದ. ದಾರಿಗೆ ಅಡ್ಡ ಬಂದ ಕೊಂಬೆಯಂತೆ ಕೋವಿಯ ಮೂತಿಯನ್ನು ಕೈಯಿಂದ ಸರಿಸಿ ಒಳಗೆ ನುಗ್ಗಿದ. ಅವನಿಗೆ ಕೋವಿ ಕಂಡಿರಲಿಲ್ಲ. ತಲೆಯ ಮೇಲೆ ಗುಂಡು ಹಾಯ್ದದ್ದೂ ತಿಳಿದಿರಲಿಲ್ಲ. ಅವನಿಗೆ ಕೇಳಿಸಿದ್ದು ಎರಡು ಈಡು. ಒಳಗೆ ನೋಡಿದರೆ ಬಾಣಂತಿ ತೊಟ್ಟಿಲ ಪಕ್ಕದಲ್ಲಿ ಅಳುತ್ತಾ ಕೂತಿದ್ದಳು. ಕೆಸರುಗೈಯಲ್ಲೇ ಕೂಸನ್ನು ಎತ್ತಿ, ಅದರ ಮೂಗಿಗೆ ತನ್ನ ಕೆನ್ನೆ ಹಿಡಿದ. ಉಸಿರು ಬೆಚ್ಚಗೆ ತಾಗಿತು.

ಕೂಸನ್ನು ತಾಯಿಯ ಮಡಿಲಿಗೆ ಹಾಕಿ ಹೊರಗೆ ಬಂದ.

"ಬದುಕಿರೋ ಕೂಸಿಗೆ ಎರಡೀಡು ಹೊಡೆದ್ಯಲ್ಲೋ, ನಿನ್ನ ಕೈ ಸೇದೋಗ," ಎಂದ.

"ಅದರಲ್ಲಿ ಒಂದು ನೀನು ಹೊಡೀಬೇಕಾಗಿತ್ತು," ಎಂದ ರೈತ.

ಇಬ್ಬರೂ ಒಬ್ಬರ ಮುಖ ಒಬ್ಬರು ದುರುಗುಟ್ಟಿ ನೋಡುತ್ತಾ ನಿಂತರು.

ಅಷ್ಟರಲ್ಲಿ ಸೀಮೆಯ ಜನ ಬಂದರು. ಯಾರ ಕೈಯಲ್ಲೂ ಬೆಲ್ಲವಿರಲಿಲ್ಲ. ಹೆಂಗಸರು ದಾರಿಯುದ್ದಕ್ಕೂ ಎದೆ ಬಡಿದುಕೊಳ್ಳುತ್ತಾ ಬಂದರು. ಬಂದ ಒಬ್ಬೊಬ್ಬರಿಗೂ ಬಾಣಂತಿ ಕೂಸನ್ನು ಎತ್ತಿ ಹಿಡಿದು, ಇದೆ ನೋಡಿ, ಉಸಿರಿದೆ ನೋಡಿ, ಎಂದು ತೋರಿಸಬೇಕಾಯಿತು. ತೋರಿಸಿ ತೋರಿಸಿ ಅವಳ ಕಣ್ಣೀರು ಬತ್ತಿ ಕಣ್ಣು ಕೆಂಡವಾಯಿತು. ಆ ಕಣ್ಣಲ್ಲಿ ಅವಳು ಗಂಡನನ್ನು ನೋಡಿದಳು. ಜನನದ ಈಡು ಇನ್ನೊಮ್ಮೆ ಹೊಡೆದುಬಿಡಲಿ ಎಂದು ಯಾರೋ ಅಂದರು. ಊರ ಹಿರಿಯ ಬೇಡವೆಂದು ತಲೆಯಾಡಿಸಿದ. ಎರಡಾದ ಮೇಲೆ ಮೂರನೆಯದಕ್ಕೆ ನಮ್ಮಲ್ಲಿ ಅರ್ಥವಿಲ್ಲ ಎಂದ. ಈಡಿಗೆ ಓಡಿ ಬಂದ ತಪ್ಪಿಗೆ ಎಲ್ಲರೂ ಸಾವಿನ ಮನೆಯಿಂದ ಹೊರಟವರಂತೆ ಹೊಳೆಯಲ್ಲಿ ತಲೆಮಿಂದು ಮನೆಗೆ ಹೋದರು. ಆ ಹುಡುಗಿ ದೊಡ್ಡವಳಾದಳು, ಮದುವೆಯಾದಳು, ಮಕ್ಕಳನ್ನು ಹೆತ್ತಳು. ಸೀಮೆಯವರು ಮಾತ್ರ ಅವಳನ್ನು ಕೊನೆಯವರೆಗೂ ಎರಡೀಡಿನವಳು ಎಂದೇ ಕರೆದರು.

ಗುರುಗಳು ಅಲ್ಲಿಗೆ ಕತೆ ಮುಗಿಸಿದರು. ಮುದ್ದುವೀರನ ಸಿಟ್ಟು ಈಗ ಆ ಅಣ್ಣನ ಮೇಲೂ ತಿರುಗಿತ್ತು. ಬಾಗಿಲ ಕಡೆ ಇಟ್ಟ ಕಾಲನ್ನು ಅವನು ಹಿಂದಕ್ಕೆ ತೆಗೆದಿರಲಿಲ್ಲ.

"ಆದರೆ ಬುದ್ಧಿ, ಆ ಕೂಸಿಗೆ ಈಡು ಸಲ್ಲಬೇಕಾದದ್ದು ನ್ಯಾಯವಲ್ಲವೇ?" ಎಂದ.

"ನ್ಯಾಯವೇ," ಎಂದರು ಗುರುಗಳು. "ಒಂದು ಈಡಿನಷ್ಟು."