ಜುಬ್ಬಾ ತೊಟ್ಟ ಸವಾರ

"ಗುರುಗಳೇ, ಗುಂಪಿನಲ್ಲಿ ಸೈಕಲ್ ತುಳಿಯಲು ಹೋಗುವಾಗ ಸೈಕಲ್ ಸವಾರರ ಬಟ್ಟೆಯನ್ನೇ ತೊಡಬೇಕೆ? ದಿನನಿತ್ಯದ ಬಟ್ಟೆ ಸಾಲದೆ?"

ಹೀಗೆ ಕೇಳಿದವನು ಪಂಪಾಪತಿ. ಅವನು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದ. ಗುರುವಾರ ಸಂಜೆ ಊರ ಹೊರಗಿನ ಮಠಕ್ಕೆ ಬಂದು ಗುರುಗಳ ಬಳಿ ಕುಳಿತು ಹೋಗುವುದು ಅವನ ರೂಢಿ. ಕೆಲವು ತಿಂಗಳಿಂದ ಭಾನುವಾರ ಬೆಳಗ್ಗೆ ಒಂದು ಗುಂಪಿನೊಡನೆ ಹೆದ್ದಾರಿಯಲ್ಲಿ ಸೈಕಲ್ ಮೇಲೆ ದೂರ ಹೋಗಿ ಬರುತ್ತಿದ್ದ.

ಅವನೇ ಮಾತು ಮುಂದುವರಿಸಿದ. "ತೊಟ್ಟರೆ ಓಣಿಯವರು ನಗುತ್ತಾರೆ. ತೊಡದಿದ್ದರೆ ಗುಂಪಿನವರು ನಗುತ್ತಾರೆ. ಆ ಬಿಗಿ ಚಡ್ಡಿ, ಆ ಬಣ್ಣದ ಅಂಗಿ ನನಗೆ ಆಡಂಬರವಾಗಿ ಕಾಣುತ್ತವೆ. ಸರಳವಾಗಿರುವುದೇ ಮೇಲಲ್ಲವೇ?"

ಗುರುಗಳು ಹೇಳಿದರು: "ಸೈಕಲ್ ವಿಷಯ ನನಗೆ ಅಷ್ಟಾಗಿ ತಿಳಿಯದು. ಒಬ್ಬ ಕಾಳಿನ ವ್ಯಾಪಾರಿಯ ಕತೆ ತಿಳಿದಿದೆ. ಕೇಳು."

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ಕಾಳಿನ ವ್ಯಾಪಾರಿಯಿದ್ದ. ಮಧ್ಯವಯಸ್ಸಿನವನು, ಗಟ್ಟಿ ಆಳು. ಅವನೂ ಹೀಗೆಯೇ ಒಂದು ಸೈಕಲ್ ಗುಂಪಿಗೆ ಸೇರಿದ. ಗುಂಪಿನವರೆಲ್ಲ ಮೈಗಂಟುವ ಅಂಗಿ, ಮೆತ್ತೆ ಹೊಲಿದ ಚಡ್ಡಿ ತೊಟ್ಟು ಬರುತ್ತಿದ್ದರು. ವ್ಯಾಪಾರಿ ಅಂಗಡಿಯಲ್ಲಿ ಕೂರುವ ಜುಬ್ಬಾ ಪೈಜಾಮದಲ್ಲೇ ಬಂದ. ತಲೆಗೆ ಹೆಲ್ಮೆಟ್ ಹಾಕಿದ. ಪೈಜಾಮದ ಅಂಚನ್ನು ಸರಪಳಿಗೆ ಸಿಗದಂತೆ ಮಡಚಿ ಕಟ್ಟಿಕೊಂಡ. ಅಷ್ಟೇ ಅವನ ಸಿದ್ಧತೆ.

ಅವನ ಕಾಲಿನಲ್ಲಿ ಬಲವಿತ್ತು. ಬಣ್ಣದ ಬಟ್ಟೆಯವರು ಏದುಸಿರು ಬಿಡುತ್ತಿದ್ದ ಏರಿನಲ್ಲಿ ಅವನು ಮಾತಾಡುತ್ತ ಹತ್ತುತ್ತಿದ್ದ. ನೋಡಿದವರು, "ಸಾವ್ಕಾರ್ರು ಎಷ್ಟು ಸರಳ, ಎಂಥ ಕಸುವು" ಎಂದರು. ಮೊದಮೊದಲು ಆ ಜುಬ್ಬಾ ಅವನಿಗೆ ಬರೀ ಅನುಕೂಲದ ಬಟ್ಟೆಯಾಗಿತ್ತು. ಹೊಗಳಿಕೆ ಕಿವಿಗೆ ಬೀಳುತ್ತ ಹೋದಂತೆ ಅದರ ಮೇಲೆ ಅವನಿಗೆ ಅಭಿಮಾನ ಹುಟ್ಟಿತು. ಭಾನುವಾರಕ್ಕೆಂದೇ ಒಂದನ್ನು ಇಸ್ತ್ರಿ ಮಾಡಿಸಿ ಇಡತೊಡಗಿದ.

ಗುಂಪಿನಲ್ಲಿ ಒಬ್ಬ ಔಷಧಿ ಅಂಗಡಿಯವನಿದ್ದ. ಅವನಿಗೆ ಹೊಟ್ಟೆ ಬಂದಿತ್ತು. ಒಂದು ದಿನ ಅವನು ಹೊಸದಾಗಿ ಬಿಗಿ ಅಂಗಿ ತೊಟ್ಟು ಬಂದಾಗ ವ್ಯಾಪಾರಿ ಎಲ್ಲರೆದುರಿಗೆ, "ಏನಿದು, ತೊಗರಿ ಮೂಟೆಗೆ ಹೊಲಿಗೆ ಹಾಕಿದ ಹಾಗಿದೆ" ಎಂದ. ಎಲ್ಲರೂ ನಕ್ಕರು. ಔಷಧಿ ಅಂಗಡಿಯವನೂ ನಕ್ಕ. ಮುಂದಿನ ಭಾನುವಾರ ಅವನು ಬರಲಿಲ್ಲ. ಆಮೇಲೆಯೂ ಬರಲಿಲ್ಲ. ವ್ಯಾಪಾರಿ ಅದನ್ನು ಗಮನಿಸಲಿಲ್ಲ.

ಆ ರಸ್ತೆಯಲ್ಲಿ ಎದುರುಗಾಳಿ ಹೆಚ್ಚು. ಅದಕ್ಕಾಗಿ ಸವಾರರು ಒಬ್ಬರ ಹಿಂದೆ ಒಬ್ಬರು, ಚಕ್ರಕ್ಕೆ ಚಕ್ರ ತಾಗುತ್ತದೇನೋ ಎನ್ನುವಷ್ಟು ಹತ್ತಿರವಾಗಿ ಸಾಲುಗಟ್ಟಿ ಹೋಗುತ್ತಾರೆ. ಮುಂದಿನವರು ಗಾಳಿಯನ್ನು ತಡೆಯುತ್ತಾರೆ, ಹಿಂದಿನವರಿಗೆ ದಣಿವು ಕಡಿಮೆ. ಆದರೆ ಹಿಂದಿನವರಿಗೆ ರಸ್ತೆ ಕಾಣುವುದಿಲ್ಲ. ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ. ಗುಂಡಿ ಬಂದಾಗ ಮುಂದಿನವರು ಕೈಯನ್ನು ಸೊಂಟದ ಪಕ್ಕಕ್ಕೆ ಇಳಿಸಿ ಬೆರಳಿನಿಂದ ತೋರಿಸಬೇಕು. ಆ ಕೈಯನ್ನು ನಂಬಿಕೊಂಡೇ ಹಿಂದಿನವರು ತುಳಿಯುವುದು.

ವ್ಯಾಪಾರಿಯ ಹಿಂದೆ ಸಾಮಾನ್ಯವಾಗಿ ಒಬ್ಬ ಶಾಲೆಯ ಶಿಕ್ಷಕಿ ಬರುತ್ತಿದ್ದಳು. ಊರಿನವರೆಲ್ಲ ಅವಳನ್ನು ಅಕ್ಕೋರು ಎಂದು ಕರೆಯುತ್ತಿದ್ದರು. ಸಣ್ಣ ದೇಹದವಳು. ಅಗಲ ಬೆನ್ನಿನ ವ್ಯಾಪಾರಿಯ ಹಿಂದೆ ಅವಳಿಗೆ ಗಾಳಿ ತಾಗುತ್ತಿರಲಿಲ್ಲ. ಒಮ್ಮೆ ಅವಳು, "ಸಾವ್ಕಾರ್ರೆ, ಜುಬ್ಬಾ ಒಳಗೆ ಸೇರಿಸಿಕೊಳ್ಳಿ. ಗಾಳಿಗೆ ಹಾರಿ ನನ್ನ ಮುಖಕ್ಕೇ ಬರುತ್ತದೆ" ಎಂದಳು.

ವ್ಯಾಪಾರಿ ನಕ್ಕು, "ಇರಲಿ ಬಿಡಿ ಅಕ್ಕೋರೆ, ನಿಮಗೆ ಬೀಸಣಿಗೆ ಆಯಿತು" ಎಂದ.

ಆಷಾಢದ ಒಂದು ಬೆಳಗ್ಗೆ ಗಾಳಿ ಜೋರಾಗಿತ್ತು. ಸಾಲಿನ ಮುಂತುದಿಯಲ್ಲಿ ವ್ಯಾಪಾರಿಯಿದ್ದ, ಅವನ ಹಿಂದೆ ಶಿಕ್ಷಕಿಯಿದ್ದಳು. ರಸ್ತೆಯ ಎಡಕ್ಕೆ ಒಂದು ಗುಂಡಿ ಬಂತು. ವ್ಯಾಪಾರಿ ಎಂದಿನಂತೆ ಎಡಗೈ ಇಳಿಸಿ ತೋರಿಸಿ ತಾನು ಪಕ್ಕಕ್ಕೆ ಸರಿದ. ಅದೇ ಹೊತ್ತಿಗೆ ಗಾಳಿ ಜುಬ್ಬಾವನ್ನು ಹಾಯಿಯಂತೆ ಉಬ್ಬಿಸಿತು. ಕೈ ಅದರ ಮರೆಗೆ ಹೋಯಿತು. ಶಿಕ್ಷಕಿಯ ಸೈಕಲ್ಲಿನ ಮುಂದಿನ ಚಕ್ರ ಗುಂಡಿಗೆ ಇಳಿಯಿತು. ಅವಳು ಭುಜದ ಮೇಲೆ ಬಿದ್ದಳು. ಭುಜದ ಮೂಳೆ ಮುರಿಯಿತು.

ವ್ಯಾಪಾರಿ ಹಣ್ಣು ತೆಗೆದುಕೊಂಡು ಅವಳ ಮನೆಗೆ ಹೋದ. ಬಲಗೈಯನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು ಅವಳು ಎಡಗೈಯಲ್ಲಿ ಚಹಾ ಕುಡಿಯುತ್ತಿದ್ದಳು. ಅವನು ಕೂತವನೇ, "ನಾನು ಕೈ ತೋರಿಸಿದ್ದೆನಲ್ಲ ಅಕ್ಕೋರೆ?" ಎಂದ.

"ತೋರಿಸಿದ್ದೀರಿ, ಅದರಲ್ಲಿ ಸುಳ್ಳಿಲ್ಲ. ನನಗೆ ಕಂಡದ್ದು ಜುಬ್ಬಾ" ಎಂದಳು ಅವಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಅವನು ತಾನೂ ಒಂದು ಮಾತು ಆಡಿ ಹಗುರಾಗುತ್ತಿದ್ದ. ಬೈಯದ ಕಾರಣ ಅವಳ ಮಾತು ಅವನೊಳಗೇ ಉಳಿಯಿತು. ಅಂಗಡಿಯಲ್ಲಿ ತಕ್ಕಡಿ ಹಿಡಿದಾಗಲೂ ಅವನಿಗೆ ಅವಳು ಬಿದ್ದ ಸದ್ದು ಕೇಳಿಸುತ್ತಿತ್ತು.

ಆ ವಾರವೇ ಅವನು ಪಟ್ಟಣಕ್ಕೆ ಹೋಗಿ ಸೈಕಲ್ ಸವಾರರ ಒಳ್ಳೆಯ ಬಟ್ಟೆ ಕೊಂಡು ತಂದ. ಅಷ್ಟಕ್ಕೆ ನಿಲ್ಲಲಿಲ್ಲ. ಗುಂಪು ಹೊರಡುವ ಜಾಗದಲ್ಲಿ ಎಲ್ಲರಿಗಿಂತ ಮೊದಲು ಬಂದು ನಿಲ್ಲತೊಡಗಿದ. ಬಂದವರನ್ನು ತಲೆಯಿಂದ ಕಾಲವರೆಗೆ ನೋಡುತ್ತಿದ್ದ. ಸವಾರರ ಉಡುಪು ಇಲ್ಲದವರಿಗೆ ಸಾಲಿನಲ್ಲಿ ಜಾಗವಿಲ್ಲ ಎಂದು ನಿಯಮ ಮಾಡಿದ. ಅಕ್ಕೋರು ಬಿದ್ದದ್ದನ್ನು ಎಲ್ಲರೂ ಕಂಡಿದ್ದರು. ಯಾರೂ ಎದುರಾಡಲಿಲ್ಲ.

ಆ ಊರಿನ ಆಸ್ಪತ್ರೆಗೆ ಹೊಸದಾಗಿ ಒಬ್ಬ ನರ್ಸ್ ಬಂದಿದ್ದಳು. ಅವಳಿಗೆ ಸೈಕಲ್ ಮೇಲೆ ಆಸೆ. ಒಂದು ಭಾನುವಾರ ಉದ್ದ ತೋಳಿನ ಚೂಡಿದಾರ ತೊಟ್ಟು, ಹೆಲ್ಮೆಟ್ ಹಾಕಿಕೊಂಡು ಬಂದಳು. ವ್ಯಾಪಾರಿ ಅವಳನ್ನು ತಡೆದ.

"ಸಿಸ್ಟರ್, ಈ ಬಟ್ಟೆಯಲ್ಲಿ ಆಗುವುದಿಲ್ಲ. ನಾವು ತೊಟ್ಟಿದ್ದೇವಲ್ಲ, ಇಂಥದ್ದು ಹಾಕಿಕೊಂಡು ಬನ್ನಿ."

ಅವಳು ಹೇಳಿದಳು: "ಅಂಥದ್ದು ನಾನು ತೊಡಲಾರೆ ಅಣ್ಣಾ. ನಮ್ಮ ಅತ್ತೆ ಸೈಕಲ್‌ಗೆ ಒಪ್ಪಿದ್ದೇ ದೊಡ್ಡದು. ಮತ್ತೆ ನನಗೂ ಮನಸ್ಸಿಲ್ಲ."

"ಹಾಗಾದರೆ ನಾನೇನೂ ಮಾಡುವಂತಿಲ್ಲ."

ಮರುವಾರ ಅವಳು ಮತ್ತೆ ಬಂದಳು. ಈ ಸಲ ಮೇಲಂಗಿಯನ್ನು ಮೊಣಕಾಲಿನ ಮೇಲಕ್ಕೆ ಮೊಟಕು ಮಾಡಿಸಿ, ಸೊಂಟಕ್ಕೆ ಪಟ್ಟಿ ಬಿಗಿದಿದ್ದಳು. ಕಾಲಿನ ಅಂಚಿಗೆ ಎಲಾಸ್ಟಿಕ್ ಹಾಕಿಸಿದ್ದಳು. ಓಢಣಿ ಇರಲಿಲ್ಲ. ಎಲ್ಲಿಯೂ ಒಂದು ತುಂಡು ಬಟ್ಟೆ ಗಾಳಿಗೆ ಹಾರುವಂತಿರಲಿಲ್ಲ. ವ್ಯಾಪಾರಿ ಅದನ್ನು ನೋಡಲಿಲ್ಲ. ಅವನ ಕಣ್ಣಿಗೆ ಅದು ಚೂಡಿದಾರವಾಗಿತ್ತು. ಅವಳನ್ನು ಮತ್ತೆ ವಾಪಸ್ಸು ಕಳಿಸಿದ.

ಅವಳು ಸೈಕಲ್ ಬಿಡಲಿಲ್ಲ. ಅದೇ ಹೆದ್ದಾರಿಯಲ್ಲಿ ಒಬ್ಬಳೇ ಹೋಗತೊಡಗಿದಳು. ಹತ್ತು ಜನರ ಸಾಲು ಕಂಡರೆ ಲಾರಿಯವನು ದೂರದಿಂದಲೇ ಪಕ್ಕಕ್ಕೆ ಸರಿಯುತ್ತಾನೆ. ಒಂಟಿ ಸವಾರರಿಗೆ ಯಾರೂ ಸರಿಯುವುದಿಲ್ಲ. ಲಾರಿಗಳು ಹಾರ್ನ್ ಹೊಡೆದು ಅವಳ ಭುಜಕ್ಕೆ ತಾಗುವಂತೆ ಹಾಯ್ದು ಹೋಗುತ್ತಿದ್ದವು. ಅವಳು ರಸ್ತೆಯಂಚಿನ ಜಲ್ಲಿಗೆ ಇಳಿದು ನಿಲ್ಲುತ್ತಿದ್ದಳು, ಮತ್ತೆ ಹತ್ತುತ್ತಿದ್ದಳು. ಗುಂಪು ಅವಳನ್ನು ದಾಟಿ ಹೋಗುತ್ತಿತ್ತು. ಕೆಲವರು ತಲೆ ತಗ್ಗಿಸುತ್ತಿದ್ದರು. ಸಾಲು ನಿಲ್ಲುತ್ತಿರಲಿಲ್ಲ.

ಶಿಕ್ಷಕಿಯ ಮೂಳೆ ಕೂಡಿಕೊಂಡಿತು. ವೈದ್ಯರು ಒಪ್ಪಿದ ಮೇಲೆ ಅವಳು ಗುಂಪಿಗೆ ಮರಳಿದಳು. ವ್ಯಾಪಾರಿಗೆ ಹಬ್ಬವಾದಂತಾಯಿತು. ಅವಳನ್ನು ಸಾಲಿನ ನಡುವೆ, ಗಾಳಿ ತಾಗದ ಜಾಗದಲ್ಲಿ ಇರಿಸಿದ. ತಾನು ಮುಂದೆ ಹೋದ.

ದಾರಿಯಲ್ಲಿ ಅವರು ನರ್ಸನ್ನು ದಾಟಿದರು. ಆಗಷ್ಟೇ ಒಂದು ಲಾರಿ ಹಾದು ಹೋಗಿತ್ತು. ಅವಳು ಜಲ್ಲಿಯಲ್ಲಿ ಒಂದು ಕಾಲೂರಿ ನಿಂತಿದ್ದಳು. ಶಿಕ್ಷಕಿ ತನ್ನ ಮುಂದಿದ್ದವನನ್ನು, "ಅವರು ಯಾಕೆ ಒಬ್ಬರೇ?" ಎಂದು ಕೇಳಿದಳು. ಅವನು ಕಾರಣ ಹೇಳಿದ. ಶಿಕ್ಷಕಿ ತುಳಿಯುವುದನ್ನು ನಿಧಾನ ಮಾಡಿ ಸಾಲಿನಿಂದ ಹೊರಬಿದ್ದಳು.

ನರ್ಸ್ ಬಳಿ ಬಂದು, "ನೀವು ಮುಂದೆ ಹೋಗಿ ಸಿಸ್ಟರ್. ನಾನು ನಿಮ್ಮ ಹಿಂದೆ ಬರುತ್ತೇನೆ" ಎಂದಳು.

ಸ್ವಲ್ಪ ದೂರ ಹೋದ ಮೇಲೆ ವ್ಯಾಪಾರಿ ತಿರುಗಿ ನೋಡಿದ. ಶಿಕ್ಷಕಿ ಕಾಣಲಿಲ್ಲ. ಮತ್ತೆ ಬಿದ್ದಳೆಂದೇ ತಿಳಿದ. ಯಾರಿಗೂ ಹೇಳದೆ ಸೈಕಲ್ ತಿರುಗಿಸಿ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಹಾರಿ ಬಂದ. ಎದುರಿಗೆ ಅವರಿಬ್ಬರೂ ಬರುತ್ತಿದ್ದರು. ಮುಂದೆ ನರ್ಸ್, ಅವಳ ಹಿಂದೆ, ಚಕ್ರಕ್ಕೆ ಹತ್ತಿರವಾಗಿ, ಶಿಕ್ಷಕಿ. ನರ್ಸ್ ಕೈ ಇಳಿಸಿ ಒಂದು ಗುಂಡಿ ತೋರಿಸಿದಳು. ಶಿಕ್ಷಕಿ ಅದನ್ನು ಬಳಸಿ ಬಂದಳು.

ವ್ಯಾಪಾರಿಯ ಭಯವೆಲ್ಲ ಸಿಟ್ಟಾಗಿ ಬಂತು. "ಅಕ್ಕೋರೆ, ಏನು ಮಾಡುತ್ತಿದ್ದೀರಿ? ಇನ್ನೊಂದು ಸಲ ಬೀಳಬೇಕೆಂದಿದ್ದೀರಾ?"

"ಇವರ ಕೈ ನನಗೆ ಕಾಣುತ್ತಿದೆ ಸಾವ್ಕಾರ್ರೆ."

"ನಿಮಗಾದದ್ದು ಇನ್ನೊಬ್ಬರಿಗೆ ಆಗಬಾರದು ಎಂದೇ ನಾನು ಇಷ್ಟೆಲ್ಲ ಕಟ್ಟುನಿಟ್ಟು ಮಾಡಿದ್ದು. ನಿಮ್ಮ ಸಲುವಾಗಿಯೇ."

ಶಿಕ್ಷಕಿ ಸೈಕಲ್ ನಿಲ್ಲಿಸಿದಳು. "ನನ್ನ ಸಲುವಾಗಿ ಇವರನ್ನು ಲಾರಿಗಳ ನಡುವೆ ಬಿಟ್ಟಿರಾ? ಇವರು ಬಿದ್ದರೆ ಎತ್ತುವವರು ಯಾರು?"

ವ್ಯಾಪಾರಿ ನರ್ಸ್ ಕಡೆ ನೋಡಿದ. ಅಂದು ಮೊದಲ ಸಲ ಅವನು ಅವಳನ್ನು ಸರಿಯಾಗಿ ನೋಡಿದ. ಬಿಗಿದ ಸೊಂಟಪಟ್ಟಿ ನೋಡಿದ, ಕಾಲಿನ ಎಲಾಸ್ಟಿಕ್ ನೋಡಿದ. ಮಣಿಕಟ್ಟಿನ ಬಳಿ ಜಲ್ಲಿಗೆ ತರಚಿದ ಗಾಯವೂ ಕಂಡಿತು. ಅದು ಹಳೆಯದಾಗಿರಲಿಲ್ಲ.

"ಸಿಸ್ಟರ್, ಇದು ಯಾವಾಗ ಆಯಿತು?"

"ಹೋದ ವಾರ ಅಣ್ಣಾ. ನೀವೆಲ್ಲ ದಾಟಿ ಹೋದ ಮೇಲೆ."

ವ್ಯಾಪಾರಿ ಸೈಕಲ್ ತಿರುಗಿಸಿ ಇಬ್ಬರ ಹಿಂದೆ ನಿಂತ. ಮೂವರೂ ಹೊರಟರು. ಹಿಂದಿನಿಂದ ಲಾರಿ ಬಂದಾಗಲೆಲ್ಲ ಅವನು ಕೈಯೆತ್ತಿ ಅದನ್ನು ದೂರ ಸರಿಸುತ್ತ ಬಂದ.

ಗುಂಪಿನವರು ಚಹಾದಂಗಡಿಯಲ್ಲಿ ಕಾಯುತ್ತಿದ್ದರು. ನರ್ಸನ್ನು ಕಂಡು ಒಬ್ಬ ಕೇಳಿದ. "ಮತ್ತೆ ನಿಯಮ?"

ವ್ಯಾಪಾರಿ ಹೇಳಿದ: "ಅದನ್ನು ನಾನು ಹೆದರಿ ಮಾಡಿದ್ದೆ. ನನ್ನ ಹೆದರಿಕೆಯನ್ನು ನೀವೆಲ್ಲ ತೊಟ್ಟುಕೊಂಡಿರಿ. ಇನ್ನು ಬೇಡ."

ಮುಂದಿನ ಭಾನುವಾರದಿಂದಲೂ ಅವನು ಹೊರಡುವ ಜಾಗಕ್ಕೆ ಮೊದಲು ಬರುತ್ತಿದ್ದ. ಹೊಸಬರು ಬಂದರೆ ಬಟ್ಟೆಯ ಮಾತು ಎತ್ತುತ್ತಿರಲಿಲ್ಲ. ಸ್ವಲ್ಪ ದೂರ ಅವರ ಹಿಂದೆ ತಾನೇ ಸೈಕಲ್ ತುಳಿದು ಬರುತ್ತಿದ್ದ. ಕೈ ಕಂಡರೆ ಸಾಲಿಗೆ ಸೇರಿಸುತ್ತಿದ್ದ. ಏನಾದರೂ ಹಾರಾಡಿದರೆ ಅಲ್ಲಿಯೇ ನಿಲ್ಲಿಸಿ, ಸಿಕ್ಕಿಸಿಕೊಳ್ಳಲು ಪಿನ್ನು ಕೊಡುತ್ತಿದ್ದ. ತಾನು ಮಾತ್ರ ಬಿಗಿ ಅಂಗಿ, ಮೆತ್ತೆಯ ಚಡ್ಡಿ ಬಿಡಲಿಲ್ಲ. ಯಾರಾದರೂ ಕೇಳಿದರೆ, "ಬೆವರು ಬೇಗ ಆರುತ್ತದೆ, ಕೂತಲ್ಲಿ ನೋಯುವುದಿಲ್ಲ. ಇಷ್ಟು ದಿನ ಸುಮ್ಮನೆ ನೋಯಿಸಿಕೊಂಡೆ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಅವನು ಔಷಧಿ ಅಂಗಡಿಗೂ ಹೋದ. ಗಿರಾಕಿಗಳು ಕರಗುವವರೆಗೆ ಕಾದು ನಿಂತು, "ಅಂದು ನಾನು ಆಡಿದ್ದು ತಪ್ಪು. ಬನ್ನಿ" ಎಂದ. ಔಷಧಿ ಅಂಗಡಿಯವನು, "ನೋಡೋಣ ಸಾವ್ಕಾರ್ರೆ" ಎಂದ. ಅವನು ಬರಲಿಲ್ಲ. ಸೈಕಲ್ಲನ್ನು ಆಗಲೇ ಯಾರಿಗೋ ಕೊಟ್ಟುಬಿಟ್ಟಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಪಂಪಾಪತಿಯ ಮುಖ ತಿಳಿಯಾಯಿತು. "ಅರ್ಥವಾಯಿತು ಗುರುಗಳೇ. ಹಾರಾಡದಂತಿದ್ದರೆ ಸಾಕು. ಪ್ಯಾಂಟೂ ಆದೀತು, ಚಡ್ಡಿಯೂ ಆದೀತು. ನನಗೆ ಯಾವುದು ಒಪ್ಪುತ್ತದೋ ಅದನ್ನು ನಾನು ತೊಡಬಹುದು."

ಗುರುಗಳು ಕೇಳಿದರು: "ಸಾಲಿನಲ್ಲಿ ನಿನ್ನ ಹಿಂದೆ ಬರುವವರ ಹೆಸರೇನು?"

ಪಂಪಾಪತಿಗೆ ಅದು ಗೊತ್ತಿರಲಿಲ್ಲ. ಅವನು ಎಂದೂ ಕೇಳಿರಲಿಲ್ಲ.