ಕೆಂಚನ ಹಗ್ಗ

ಚನ್ನಮಲ್ಲ ಹೊಳೆಯ ದಡಕ್ಕೆ ಬಂದು ಗುರುಗಳ ಮುಂದೆ ನಿಂತಾಗ ಅವನ ಕಣ್ಣು ಕೆಂಪಾಗಿದ್ದವು.

"ಬುದ್ಧಿ, ಈ ನಾಯಿ ನನ್ನ ಮಾತು ಕೇಳೋದಿಲ್ಲ," ಅಂದ.

ಗುರು ಗವಿಯಪ್ಪನವರು ಪಂಚೆ ಹಿಂಡುತ್ತಿದ್ದರು. "ಏನು ಹೇಳಿದೆ ಅದಕ್ಕೆ?"

"ಕಚ್ಚಬೇಡ ಅಂತ."

"ಹೇಗೆ ಹೇಳಿದೆ?"

ಹೇಗೆ ಹೇಳಿದ್ದ ಅನ್ನೋದು ಆಶ್ರಮಕ್ಕೆಲ್ಲ ಗೊತ್ತಿತ್ತು. ಮೊದಲು ಬೆಲ್ಲ ಕೊಟ್ಟು ಹೇಳಿದ. ಆಮೇಲೆ ಬೆತ್ತ ಹಿಡಿದು ಹೇಳಿದ. ಎರಡು ದಿನ ಉಪವಾಸ ಕೆಡವಿ ಹೇಳಿದ. ಮೂರನೆಯ ದಿನ ತಾನೇ ತಡೆಯಲಾರದೆ ತನ್ನ ಪಾಲಿನ ಮುದ್ದೆಯನ್ನು ಅದರ ಮುಂದಿಟ್ಟು, ಪಕ್ಕದಲ್ಲಿ ಕೂತು ಅತ್ತ.

ಕೆಂಚ ಅವನೇ ಸಾಕಿದ ನಾಯಿ. ಹೊಳೆ ತುಂಬಿ ಹರಿದ ವರ್ಷ ಕಸಕಡ್ಡಿಯ ಜೊತೆ ತೇಲಿಬಂದ ಮರಿ. ಬಟ್ಟೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿ ಉಳಿಸಿಕೊಂಡಿದ್ದ. ಮನೆಮಠ ಬಿಟ್ಟು ಬಂದವನಿಗೆ ನಾಯಿಯ ಮೇಲೆ ಇಷ್ಟೇಕೆ ಮೋಹ ಅಂತ ಕೇಳಬೇಡಿ. ಎಲ್ಲ ಬಿಟ್ಟು ಬಂದವರಿಗೇ ಹಾಗಾಗುವುದು.

ಆಶ್ರಮದಲ್ಲಿ ಒಂದು ಕಟ್ಟಳೆ ಇತ್ತು. ಮಧ್ಯಾಹ್ನ ಯಾರು ಬಂದರೂ ಊಟ, ಎಲ್ಲರಿಗೂ ಒಂದೇ ಸಾಲು. ದೊಡ್ಡಬೀದಿಯವರಾಗಲಿ, ಹೊಳೆಯಾಚೆಯ ಕೇರಿಯವರಾಗಲಿ, ಬಂದ ಹಾಗೆ ಕೂರಬೇಕು. ಬಾಗಿಲಲ್ಲಿ ನಿಂತು "ಬನ್ನಿ" ಅನ್ನುವ ಕೆಲಸ ಚನ್ನಮಲ್ಲನದು. ಆಗ ಅವನ ಕೈಯಲ್ಲಿ ಕೆಂಚನ ಹಗ್ಗ ಇರುತ್ತಿತ್ತು. ಆಮೇಲೆ ಬಡಿಸುವ ಕೆಲಸವೂ ಅವನದೇ.

ಹಿಂದಿನ ದಿನ ಅದೇ ಬಾಗಿಲಲ್ಲಿ ಕೆಂಚ ಪುಟ್ಟೀರಮ್ಮನ ಮೀನಖಂಡಕ್ಕೆ ಬಾಯಿ ಹಾಕಿತ್ತು. ಅವಳು ಆಚೆ ಕೇರಿಯಲ್ಲಿ ಬುಟ್ಟಿ ಹೆಣೆದು ಬದುಕುವ ಒಂಟಿ ಹೆಂಗಸು. ಊರ ಯಜಮಾನ ನಿಂಗೇಗೌಡ ಬಂದು ಖಡಾಖಂಡಿತವಾಗಿ ಹೇಳಿ ಹೋಗಿದ್ದ. ಇನ್ನೊಂದು ಸಲ ಕಚ್ಚಿದರೆ ಆಳುಗಳ ಕೈಲಿ ನಾಯಿಯನ್ನು ಹೊಡೆಸಿ ಹಾಕುತ್ತಾನಂತೆ.

"ಅದನ್ನು ಉಳಿಸಿಕೊಡಿ ಬುದ್ಧಿ," ಅಂದ ಚನ್ನಮಲ್ಲ. "ಅದು ಹೋದರೆ ನನಗೆ ಯಾರೂ ಇಲ್ಲ."

ಗುರುಗಳು ಪಂಚೆ ಕೊಡವಿ ಬಂಡೆಯ ಮೇಲೆ ಹರವಿದರು.

"ಯಾರನ್ನು ಕಚ್ಚುತ್ತೆ?"

"ಯಾರು ಬಂದರೂ ಸರಿ, ಮೈಮೇಲೆ ಬೀಳುತ್ತೆ."

"ನಿಂಗೇಗೌಡನ್ನ ಕಚ್ಚಿದೆಯಾ?"

"ಇಲ್ಲ. ಅವರು ಬಂದರೆ ಬಾಲ ಅಲ್ಲಾಡಿಸುತ್ತೆ."

"ಎಣ್ಣೆ ತಂದುಕೊಡೋ ಶೆಟ್ಟರನ್ನ?"

"ಇಲ್ಲ."

"ಮತ್ತೆ ಯಾರನ್ನ?"

ಚನ್ನಮಲ್ಲ ಯೋಚಿಸಿದ. ತಮಟೆ ಬಾರಿಸುವ ಹನುಮಯ್ಯನ ಪಂಚೆಯನ್ನು ಹರಿದಿತ್ತು. ಹಂದಿ ಕಾಯುವವನನ್ನು ಬೇಲಿ ಹತ್ತಿಸಿತ್ತು. ಈಗ ಪುಟ್ಟೀರಮ್ಮ.

"ಅವರ ಮೈವಾಸನೆ ಆಗೋದಿಲ್ಲ ಅಂತ ಕಾಣುತ್ತೆ," ಅಂದ.

"ನಾಯಿಗಾ?" ಅಂದರು ಗುರುಗಳು.

ಅವನು ತಲೆ ತಗ್ಗಿಸಿದ. ಬೈದರು ಅನ್ನಿಸಿತು. ಯಾಕೆ ಬೈದರು ಅನ್ನೋದು ಹೊಳೆಯಲಿಲ್ಲ, ಇಲ್ಲವೇ ಹೊಳೆಯುವುದು ಅವನಿಗೇ ಬೇಡವಾಗಿತ್ತು.

ಆ ಮಧ್ಯಾಹ್ನ ಗುರುಗಳೇ ನಾಯಿಯನ್ನು ಹಿಡಿದು ಬಾಗಿಲ ಕಟ್ಟೆಯ ಮೇಲೆ ಕೂತರು. ಹಿಡಿದರು ಅನ್ನುವುದೂ ತಪ್ಪೇ. ಕತ್ತಾಳೆ ಹಗ್ಗದ ತುದಿ ಅವರ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಆಚೆ ಕೇರಿಯವರು ಹೆದರುತ್ತ ಹೆದರುತ್ತ ಒಬ್ಬೊಬ್ಬರೇ ಬಂದರು. ಕೆಂಚ ಮೂಸಿತು, ಆಕಳಿಸಿತು, ಗುರುಗಳ ಪಾದದ ಮೇಲೆ ಗದ್ದ ಇಟ್ಟು ಮಲಗಿತು.

ನೋಡಿ ಚನ್ನಮಲ್ಲನ ಹೊಟ್ಟೆ ಉರಿಯಿತು. ಹಾಲು ಚೀಪಿಸಿ ಸಾಕಿದವನು ತಾನು, ಅದು ಮಾತು ಕೇಳುವುದು ಇನ್ಯಾರದೋ.

"ಯಾವ ಮಂತ್ರ ಹಾಕಿದಿರಿ ಬುದ್ಧಿ?"

"ಹಗ್ಗ ಸಡಿಲ ಬಿಟ್ಟೆ. ನಾಳೆಯಿಂದ ಒಂಬತ್ತು ದಿನ ನೀನೂ ಎರಡೇ ಬೆರಳಲ್ಲಿ ಹಿಡಿ. ಮಿಕ್ಕ ಬೆರಳು ತಾಗಬಾರದು."

"ಹಾಗೆ ಹಿಡಿದರೆ ಕಿತ್ತುಕೊಂಡು ಹೋಗುತ್ತೆ."

"ಎಳೆದವರನ್ನು ತಾನೇ ಅದು ಎಳೆಯೋದು?" ಗುರುಗಳು ಎದ್ದು ನಿಂತರು. "ಇನ್ನೊಂದು ಮಾತು. ಬಡಿಸುವಾಗ ಸೌಟು ಎಲ್ಲರ ಎಲೆಗೂ ಒಂದೇ ಎತ್ತರದಲ್ಲಿರಲಿ."

ಚನ್ನಮಲ್ಲನ ಮುಖ ಸಣ್ಣದಾಯಿತು. ದೊಡ್ಡಮನೆಯಲ್ಲಿ ಹುಟ್ಟಿದವನು ಅವನು. ಆಶ್ರಮಕ್ಕೆ ಬಂದು ಆರು ವರ್ಷವಾದರೂ, ಆಚೆ ಕೇರಿಯವರ ಎಲೆ ಬಂದಾಗ ಅವನ ಕೈ ಒಂದು ಗೇಣು ಮೇಲೇ ನಿಂತುಬಿಡುತ್ತಿತ್ತು. ಸಾರು ಸಿಡಿದು ಅವರ ಮೈಮೇಲೆ ಬೀಳುತ್ತಿತ್ತು. ಅವರು ಒರೆಸಿಕೊಂಡು ಉಣ್ಣುತ್ತಿದ್ದರು. ಯಾರೂ ಏನೂ ಅಂದವರಲ್ಲ. ಅವನೂ ಅವರಿಗೆ ಒಂದು ದಿನವೂ ಒಂದು ಕೆಟ್ಟ ಮಾತು ಆಡಿದವನಲ್ಲ. ಅದೇ ಅವನಿಗೊಂದು ಹೆಮ್ಮೆ.

"ಸೌಟಿಗೂ ನಾಯಿಗೂ ಏನು ಸಂಬಂಧ ಬುದ್ಧಿ?"

"ನನಗೇನಪ್ಪ ಗೊತ್ತು. ನಾಯಿ ಸಾಕಿದವನು ನೀನು."

ಮೊದಲ ದಿನ ಚನ್ನಮಲ್ಲ ಹಗ್ಗವನ್ನು ಎರಡೇ ಬೆರಳಲ್ಲಿ ಹಿಡಿದು ನಿಂತ. ಕೆಂಚ ಗುರ್ರೆಂದಿತು, ಎಗರಲಿಲ್ಲ. ನಾಲ್ಕನೆಯ ದಿನ ಹನುಮಯ್ಯ ಒಳಗೆ ಹೋದಾಗ ಕಿವಿ ನಿಮಿರಿಸಿ ಸುಮ್ಮನಾಯಿತು. ಎಂಟನೆಯ ದಿನ ಹಂದಿ ಕಾಯುವವನ ಕಡೆಗೆ ಬಾಲ ಅಲ್ಲಾಡಿಸಿತು. ಆ ಮನುಷ್ಯ ನಂಬಲಾರದೆ ಹಿಂದೆ ತಿರುಗಿ ಯಾರು ಬಂದರು ಅಂತ ನೋಡಿದ.

ಚನ್ನಮಲ್ಲ ಗುರುಗಳ ಹತ್ತಿರ ಓಡಿದ. "ಗೆದ್ದೆ ಬುದ್ಧಿ. ಕೆಂಚ ಉಳಿದುಕೊಂಡ."

"ಸೌಟು?"

ಚನ್ನಮಲ್ಲ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ನಾಳೆ ಒಂದು ದಿನ ಇದೆ," ಅಂದರು ಗುರುಗಳು.

ಒಂಬತ್ತನೆಯ ದಿನ ಪುಟ್ಟೀರಮ್ಮ ಬಂದಳು. ಕಾಲಿಗೆ ಅರಿಸಿನ ಮೆತ್ತಿದ ಬಟ್ಟೆ ಕಟ್ಟಿತ್ತು, ಕುಂಟುತ್ತಿದ್ದಳು. ಕೈಯಲ್ಲೊಂದು ಹೊಸ ಬುಟ್ಟಿ, ಬಿದಿರಿನ ಹಸಿರು ಬಣ್ಣ ಇನ್ನೂ ಮಾಸಿರಲಿಲ್ಲ.

"ಅಡುಗೆಮನೆಗೆ ಸ್ವಾಮಿ. ಅನ್ನ ಹಾಕಿಡೋಕೆ ಅಂತ ಹೆಣೆದೆ. ಇಷ್ಟು ದಿನ ಉಂಡಿದ್ದೀನಿ, ಬರಿಗೈಲಿ ಬರೋಕೆ ನಾಚಿಕೆಯಾಯ್ತು." ಅಂದು ಬುಟ್ಟಿಯನ್ನು ಅವನ ಕೈಗೇ ಕೊಡಲು ಮುಂದೆ ಚಾಚಿದಳು.

ಆಶ್ರಮದ ಅನ್ನ, ಅವಳ ಬುಟ್ಟಿಯಲ್ಲಿ. ಚನ್ನಮಲ್ಲ ಅರ್ಧ ಹೆಜ್ಜೆ ಹಿಂದೆ ಸರಿದ. ಬಾಯಲ್ಲಿ "ಬಾ ತಾಯಿ" ಅಂತಲೇ ಅಂದ. ಅಷ್ಟರಲ್ಲಿ ಹಗ್ಗ ಅವನ ಅಂಗೈಗೆ ಎರಡು ಸುತ್ತು ಸುತ್ತಿಕೊಂಡು ಬಿಗಿದಿತ್ತು.

ಕೆಂಚ ಎಗರಿತು. ಅವಳ ಬಲಗೈ ಸಿಕ್ಕಿತು, ಬಿದಿರು ಸೀಳುವ ಕೈ.

ಸಾಲಿನಲ್ಲಿ ಕೂತಿದ್ದ ನಿಂಗೇಗೌಡನ ಆಳುಗಳು ಎಲೆ ಬಿಟ್ಟು ಎದ್ದರು. ದೊಣ್ಣೆ ಹುಡುಕಲು ಅವರಿಗೆ ಹೊತ್ತು ಹಿಡಿಯಲಿಲ್ಲ.

"ಬಿಡ್ರಪ್ಪ, ಮೂಕಪ್ರಾಣಿ, ಅದಕ್ಕೇನು ಗೊತ್ತು," ಅಂತ ರಕ್ತದ ಕೈ ಸೆರಗಲ್ಲಿ ಸುತ್ತಿಕೊಂಡು ಪುಟ್ಟೀರಮ್ಮನೇ ಬೇಡಿಕೊಂಡಳು. ಅವಳ ಮಾತು ಯಾರು ಕೇಳುತ್ತಾರೆ.

ಕೆಂಚ ಹೊಳೆಯ ಕಡೆ ಓಡಿ ಬದುಕಿಕೊಳ್ಳಬಹುದಿತ್ತು. ಹಗ್ಗ ಚನ್ನಮಲ್ಲನ ಅಂಗೈಯಲ್ಲಿ ಹಾಗೇ ಬಿಗಿದಿತ್ತು. ಅವನಿಗೆ ಬಿಡಲು ತೋಚಲಿಲ್ಲ. ಹೊಡೆತ ಬೀಳುವಾಗಲೂ ಅದು ಅವನ ಮುಖವನ್ನೇ ನೋಡುತ್ತಿತ್ತು.

ಗುರುಗಳು ಪುಟ್ಟೀರಮ್ಮನನ್ನು ಗಾಡಿಯಲ್ಲಿ ಕೂರಿಸಿಕೊಂಡು ವೈದ್ಯರ ಹತ್ತಿರ ಕರೆದುಕೊಂಡು ಹೋದರು. ಅವಳ ಮೂರು ಬೆರಳು ಇನ್ನು ಮಡಚಲು ಬರುವುದಿಲ್ಲ ಅಂದರಂತೆ ವೈದ್ಯರು.

ಅವರು ವಾಪಸು ಬಂದಾಗ ಚನ್ನಮಲ್ಲ ದಡದಲ್ಲಿ ಗುಂಡಿ ತೋಡಿ, ಕೆಂಚನನ್ನು ತನ್ನ ಪಂಚೆಯಲ್ಲಿ ಸುತ್ತಿ ಮಲಗಿಸಿ, ಮಣ್ಣು ಎಳೆಯಲಾರದೆ ಕೂತಿದ್ದ. ಗುರುಗಳು ಪಕ್ಕದಲ್ಲಿ ಕೂತರು.

"ಎಷ್ಟು ಮಾಡಿದೆ ಬುದ್ಧಿ," ಅಂದ ಅವನು. "ಬೆಲ್ಲ ಕೊಟ್ಟೆ, ಬೆತ್ತ ಹಿಡಿದೆ, ಒಂಬತ್ತು ದಿನ ಎರಡೇ ಬೆರಳಲ್ಲಿ ಹಗ್ಗ ಹಿಡಿದೆ. ಏನು ಮಾಡಿದರೂ ಅದು ನನ್ನ ಮಾತು ಕೇಳಲಿಲ್ಲ."

ಗುರುಗಳು ಅವನ ಬಲಗೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಅಂಗೈಗೆ ಅಡ್ಡಲಾಗಿ ಕತ್ತಾಳೆ ಹಗ್ಗದ ಎರಡು ಬರೆ ಎದ್ದಿದ್ದವು. ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದ. ಅವರು ಬಿಡಲಿಲ್ಲ.

"ಕೇಳಿತು ಚನ್ನಮಲ್ಲ," ಅಂದರು. "ನೀನು ಬಾಯಿಬಿಟ್ಟು ಹೇಳದ್ದನ್ನೂ ಕೇಳಿತು."